ಮುಳ್ಳು ಕದಲದ ಹಳೇ ಬ್ಯಾರೋಮೀಟರ್: ಬಿಚ್ಚುವ ಮೊದಲು ಏನೇನು ನೋಡಬೇಕು

ಗಾಳಿಯ ಒತ್ತಡ ಅಳೆದು ಹವೆಯ ಸುಳಿವು ಕೊಡುವ ಹಳೇ ಬ್ಯಾರೋಮೀಟರ್ ಕೈಗೆ ಬಂದವರು ಹೇಳುವ ದೂರು ಹೆಚ್ಚುಕಡಿಮೆ ಎರಡೇ. ಒಂದು, "ನೋಡೋಕೆ ಚೆನ್ನಾಗಿದೆ, ಆದರೆ ಕೆಟ್ಟಿದೆ. ಮುಳ್ಳು ಎಡಗಡೆ ಕೆಳಮೂಲೆಗೆ ಹೋಗಿ ಕೂತುಬಿಟ್ಟಿದೆ, ಏನು ಮಾಡಿದರೂ ಏಳೋದಿಲ್ಲ." ಇನ್ನೊಂದು, "ಹೊರಗೆ ಧೋ ಅಂತ ಮಳೆ ಸುರೀತಿದೆ, ಇದು ಮಾತ್ರ ಫೇರ್, ಅಂದ್ರೆ ಒಳ್ಳೇ ಹವೆ, ಅನ್ನೋ ಕಡೆಗೇ ಕೈ ತೋರಿಸ್ತಿದೆ." ಮೊದಲನೆಯದು ಬೆಂಗಳೂರು, ಮೈಸೂರು, ಮಲೆನಾಡಿನವರ ದೂರು. ಎರಡನೆಯದು ಮಂಗಳೂರು, ಉಡುಪಿ ಕಡೆಯವರದು. ಎರಡರಲ್ಲೂ ಬಹಳ ಸಲ ಉಪಕರಣ ಸರಿಯಾಗೇ ಇರುತ್ತದೆ. ಅದನ್ನು ಮಾಡಿದ ಊರಿಗೂ ಈಗ ನೇತುಹಾಕಿರುವ ಊರಿಗೂ ತಾಳೆ ಆಗುತ್ತಿಲ್ಲ, ಅಷ್ಟೇ.

ಇದನ್ನು ತಿಳಿಯದೆ ಎಷ್ಟು ಒಳ್ಳೊಳ್ಳೇ ಬ್ಯಾರೋಮೀಟರುಗಳು ಹಾಳಾಗಿವೆ ಅಂತ ನೆನೆದರೆ ನನಗೆ ಸಂಕಟವಾಗುತ್ತದೆ. ಒಳಗಿನ ಯಂತ್ರ ಕಿತ್ತು ಗುಜರಿಗೆ ಹಾಕಿ, ಆ ಜಾಗಕ್ಕೆ ಬ್ಯಾಟರಿ ಗಡಿಯಾರ ಕೂರಿಸಿದ್ದನ್ನು ನಾನೇ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸ್ಕ್ರೂಡ್ರೈವರ್ ಆಮೇಲೆ ತೆಗೆದುಕೊಳ್ಳಿ. ಮೊದಲು ಊರು ನೋಡಿ, ಹೊತ್ತು ನೋಡಿ.

ಪಾದರಸದ್ದೋ, ಡಬ್ಬಿಯದ್ದೋ?

ಎಲ್ಲಕ್ಕಿಂತ ಮೊದಲು ಇದನ್ನು ಗುರುತಿಸಿಕೊಳ್ಳಬೇಕು. ಯಾಕೆಂದರೆ ಇಲ್ಲಿ ತಪ್ಪಿದರೆ ಮನೆಯಲ್ಲಿ ಪಾದರಸ ಚೆಲ್ಲುತ್ತದೆ. ಯಾವುದೆಂದು ಗೊತ್ತಾಗುವ ತನಕ ಗೋಡೆಯಿಂದ ಇಳಿಸಬೇಡಿ, ಮಲಗಿಸಬೇಡಿ, ತಲೆಕೆಳಗು ಮಾಡಲೇಬೇಡಿ.

ಉದ್ದ ಕೋಲಿನಂತಿದ್ದು ಮೇಲುಗಡೆ ಗಾಜಿನ ನಳಿಕೆ ಕಾಣುತ್ತಿದ್ದರೆ ಅದು ಪಾದರಸದ್ದೇ, ಅನುಮಾನ ಬೇಡ. ಗೊಂದಲ ಆಗುವುದು ಬ್ಯಾಂಜೋ ಆಕಾರದವುಗಳಲ್ಲಿ. ಉದ್ದ ಕತ್ತು, ಕೆಳಗೆ ದುಂಡಗಿನ ದೊಡ್ಡ ಡಯಲ್ಲು, ಕತ್ತಿನ ಮೇಲೊಂದು ಥರ್ಮಾಮೀಟರ್. ಇಟಲಿಯ ಕೋಮೋ ಸರೋವರದ ಕಡೆಯಿಂದ ಹೋಗಿ ಲಂಡನ್ನಿನಲ್ಲಿ ನೆಲೆಸಿದ ಕುಶಲಕರ್ಮಿಗಳು 19ನೇ ಶತಮಾನದಲ್ಲಿ ಇಂಥವನ್ನು ಬಹಳ ಮಾಡಿದರು. ಆ ಹಳೆಯವುಗಳ ಒಳಗೆ ಪಾದರಸ ಇರುತ್ತದೆ. ಆಮೇಲೆ ಅದೇ ಆಕಾರದಲ್ಲಿ ಪಾದರಸವಿಲ್ಲದ, ತೆಳು ತಗಡಿನ ಡಬ್ಬಿಯಿಂದ ನಡೆಯುವ ಅನೆರಾಯ್ಡ್ ಬ್ಯಾರೋಮೀಟರುಗಳೂ ಬಂದವು. ಎದುರಿನಿಂದ ನೋಡಿದರೆ ಎರಡೂ ಒಂದೇ ಥರ.

ಹಿಂದುಗಡೆ ಟಾರ್ಚ್ ಹಾಕಿ ನೋಡಿ. ಕತ್ತಿನುದ್ದಕ್ಕೂ ಕಿರಿದಾದ ಮರದ ಬಾಗಿಲು ಇದ್ದು, ಒಳಗೆ ಕೆಳತುದಿ ಕೊಕ್ಕೆಯಂತೆ ಬಾಗಿದ ಗಾಜಿನ ನಳಿಕೆ ಕಂಡರೆ ಪಾದರಸ. ಬರೀ ಡಯಲ್ಲಿನ ಹಿಂದೆ ದುಂಡಗಿನ ಹಿತ್ತಾಳೆ ಕವಚ ಇದ್ದು, ಅದರಲ್ಲೊಂದು ಸಣ್ಣ ತೂತು, ತೂತಿನೊಳಗೆ ಸ್ಕ್ರೂ ತಲೆ ಕಂಡರೆ ಅನೆರಾಯ್ಡ್. ಫ್ರಾನ್ಸಿನ ಲೂಸಿಯಾನ್ ವಿಡಿ 1844ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅನೆರಾಯ್ಡ್ ಅಂದರೆ ದ್ರವ ಇಲ್ಲದ್ದು ಅಂತಲೇ ಅರ್ಥ. ನಮ್ಮ ಕಡೆ ಸಿಗುವುದು ಜಾಸ್ತಿ ಇದೇ.

ನೀವು ನೋಡುತ್ತಿರುವುದು ಯಾವ ಮುಳ್ಳು?

ಅನೆರಾಯ್ಡಿನ ಡಯಲ್ಲಿನಲ್ಲಿ ಸಾಮಾನ್ಯವಾಗಿ ಎರಡು ಮುಳ್ಳು. ಒಂದು ಕಪ್ಪು ಅಥವಾ ನೀಲಿ ಬಣ್ಣದ ಉಕ್ಕಿನದು. ಅದು ಗಾಳಿಯ ಒತ್ತಡ ತೋರಿಸುವ ಮುಳ್ಳು. ಇನ್ನೊಂದು ಹೊಳೆಯುವ ಹಿತ್ತಾಳೆಯದು, ಗಾಜಿನ ನಡುವಿನ ಗುಂಡಿಗೆ ಅಂಟಿಕೊಂಡಿರುತ್ತದೆ. ಅದು ಬರೀ ಗುರುತಿಗೆ. ಇವತ್ತು ಕಪ್ಪು ಮುಳ್ಳು ಎಲ್ಲಿದೆಯೋ ಅಲ್ಲಿಗೆ ಗುಂಡಿ ತಿರುಗಿಸಿ ಹಿತ್ತಾಳೆ ಮುಳ್ಳು ಇಟ್ಟುಬಿಟ್ಟರೆ, ನಾಳೆ ಎಷ್ಟು ಏರಿತು, ಎಷ್ಟು ಇಳಿಯಿತು ಅಂತ ತಿಳಿಯುತ್ತದೆ. ಹಿತ್ತಾಳೆ ಮುಳ್ಳು ತಾನಾಗಿ ಯಾವತ್ತೂ ಕದಲುವುದಿಲ್ಲ. ಕಣ್ಣಿಗೆ ಮೊದಲು ಬೀಳುವುದು ಅದೇ ಆದ್ದರಿಂದ ಅದನ್ನೇ ವರ್ಷಗಟ್ಟಲೆ ನೋಡುತ್ತಾ "ಸತ್ತುಹೋಗಿದೆ" ಅಂದುಕೊಂಡವರಿದ್ದಾರೆ.

ಇನ್ನೊಂದು ಸಣ್ಣ ವಿಷಯ. ಗಾಜು ಒರೆಸುವಾಗ ಒತ್ತಿಬಿಟ್ಟು ಹಿತ್ತಾಳೆ ಮುಳ್ಳು ಸ್ವಲ್ಪ ಬಗ್ಗಿದ್ದರೆ ಅದರ ತುದಿ ಕಪ್ಪು ಮುಳ್ಳಿಗೆ ತಾಗುತ್ತದೆ. ಆಗ ಕಪ್ಪು ಮುಳ್ಳು ಒಂದು ಜಾಗದ ತನಕ ಬಂದು ನಿಂತುಬಿಡುತ್ತದೆ. ಡಯಲ್ಲನ್ನು ಬದಿಯಿಂದ ನೋಡಿ, ಎರಡರ ನಡುವೆ ಬೆಳಕು ಕಾಣಬೇಕು.

ಊರಿನ ಎತ್ತರ

ಇಂಗ್ಲಿಷ್ ಡಯಲ್ಲುಗಳಲ್ಲಿ 28ರಿಂದ 31 ಇಂಚಿನ ತನಕ ಅಂಕಿಗಳಿರುತ್ತವೆ. ಇದು ಗಾಳಿಯ ಒತ್ತಡ ನಳಿಕೆಯಲ್ಲಿ ಪಾದರಸವನ್ನು ಎಷ್ಟು ಎತ್ತರಕ್ಕೆ ನಿಲ್ಲಿಸುತ್ತದೆ ಅನ್ನುವ ಲೆಕ್ಕ. ಸಮುದ್ರಮಟ್ಟದಲ್ಲಿ ಸರಾಸರಿ 29.92 ಇಂಚು, ಅಂದರೆ 760 ಮಿಲಿಮೀಟರ್, ಈಗಿನ ಲೆಕ್ಕದಲ್ಲಿ 1013 ಹೆಕ್ಟೋಪ್ಯಾಸ್ಕಲ್. ಲಂಡನ್ ಇರುವುದು ಸಮುದ್ರಮಟ್ಟದ ಹತ್ತಿರ. ಹಾಗಾಗಿ ಅವರಿಗೆ ಈ ಮೂರು ಇಂಚು ಸಾಕಾಯಿತು.

ಮೇಲೆ ಹೋದಂತೆ ಒತ್ತಡ ಇಳಿಯುತ್ತದೆ. ಸುಮಾರು ಸಾವಿರ ಅಡಿಗೆ ಒಂದು ಇಂಚು ಅಂತ ಇಟ್ಟುಕೊಳ್ಳಿ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಂದರೆ ಮೂರು ಸಾವಿರ ಅಡಿ. ಹಾಗಾದರೆ ಇಲ್ಲಿನ ನಿಜವಾದ ಒತ್ತಡ 27 ಇಂಚಿನ ಆಸುಪಾಸು. ಡಯಲ್ಲು ಶುರುವಾಗುವುದೇ 28ರಿಂದ! ಇಂಗ್ಲೆಂಡಿನಲ್ಲಿ ಸರಿಯಾಗಿ ಹೊಂದಿಸಿದ ಬ್ಯಾರೋಮೀಟರನ್ನು ಹಾಗೇ ತಂದು ಬೆಂಗಳೂರಿನ ಗೋಡೆಗೆ ಹಾಕಿದರೆ ಮುಳ್ಳು 28ಕ್ಕೆ ಬರೆದಿರುವ ಸ್ಟಾರ್ಮಿ, ಅಂದರೆ ಬಿರುಗಾಳಿಯ ಗುರುತನ್ನೂ ದಾಟಿ ಕೆಳಗೆ ಹೋಗಿ ಕೂರಲೇಬೇಕು. ಅದು ಸತ್ಯವನ್ನೇ ಹೇಳುತ್ತಿದೆ. ಮಡಿಕೇರಿ, ಚಿಕ್ಕಮಗಳೂರು ಇನ್ನೂ ಎತ್ತರ.

ಇಲ್ಲೇ ಒಂದು ಸಿಕ್ಕು ಇರುವುದು. ಅನೆರಾಯ್ಡಿನ ಒಳಗೆ ಅಲೆಯಲೆಯಾದ ತೆಳು ತಗಡಿನ ಮುಚ್ಚಿದ ಡಬ್ಬಿ ಇದೆ. ಅದರೊಳಗಿನ ಗಾಳಿ ತೆಗೆದುಬಿಟ್ಟಿರುತ್ತಾರೆ. ಹೊರಗಿನ ಗಾಳಿ ಅದನ್ನು ಅಮುಕುತ್ತದೆ, ಒಂದು ಬಲವಾದ ಸ್ಪ್ರಿಂಗ್ ಅದನ್ನು ಎಳೆದು ಹಿಡಿದಿರುತ್ತದೆ. ಒತ್ತಡ ಕಮ್ಮಿಯಾದರೆ ಡಬ್ಬಿ ಉಬ್ಬುತ್ತದೆ, ಮುಳ್ಳು ಇಳಿಯುತ್ತದೆ. ಈಗ ಡಬ್ಬಿಗೇ ತೂತು ಬಿದ್ದು ಗಾಳಿ ಒಳಗೆ ಹೋಯಿತು ಅನ್ನಿ. ಆಗಲೂ ಡಬ್ಬಿ ಉಬ್ಬುತ್ತದೆ, ಆಗಲೂ ಮುಳ್ಳು ಕೆಳಗೇ ಹೋಗುತ್ತದೆ. ಅಂದರೆ ತೂತು ಬಿದ್ದ ಡಬ್ಬಿಗೂ ಎತ್ತರದ ಊರಿಗೂ ಲಕ್ಷಣ ಒಂದೇ! ಬರೀ ಮುಳ್ಳು ನೋಡಿ ಎರಡನ್ನೂ ಬೇರೆ ಮಾಡಲು ಯಾರಿಂದಲೂ ಸಾಧ್ಯವಿಲ್ಲ.

ಚಾರ್ಮಾಡಿಯಲ್ಲಿ ಎದ್ದ ಮುಳ್ಳು

ಚಿಕ್ಕಮಗಳೂರಿನ ಒಂದು ಹಳೇ ಎಸ್ಟೇಟ್ ಬಂಗಲೆಯ ಸಾಮಾನು ಮಾರುವಾಗ ನಾನು ಒಂದು ಅನೆರಾಯ್ಡ್ ಕೊಂಡೆ. ಓಕ್ ಮರದ ದುಂಡು ಚೌಕಟ್ಟು, ಹಗ್ಗ ಹೊಸೆದಂತೆ ಕೆತ್ತನೆ, ಪಿಂಗಾಣಿಯ ಬಿಳಿ ಡಯಲ್ಲು. ಮುಳ್ಳು ಮಾತ್ರ ಕೆಳಗೆ ಬಿದ್ದಿತ್ತು. ಗಡಿಯಾರ ರಿಪೇರಿ ಮಾಡುವವರೊಬ್ಬರು ಕೈಯಲ್ಲಿ ಹಿಡಿದು ನೋಡಿದ ಕೂಡಲೇ "ಡಬ್ಬಿ ಹೋಗಿದೆ, ಇದಕ್ಕೆ ಗಡಿಯಾರದ ಮೆಷಿನ್ ಹಾಕಿಕೊಡ್ತೀನಿ" ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ವಾಪಸ್ ತಂದೆ.

ಆ ಜನವರಿಯಲ್ಲಿ ಹೇಗೂ ಮಂಗಳೂರಿಗೆ ಹೋಗುವುದಿತ್ತು. ಬ್ಯಾರೋಮೀಟರನ್ನು ದಪ್ಪ ಟವೆಲಿನಲ್ಲಿ ಸುತ್ತಿ, ಡಯಲ್ಲು ಮಾತ್ರ ಕಾಣುವಂತೆ ತೊಡೆಯ ಮೇಲೆ ಇಟ್ಟುಕೊಂಡು ಕಾರಿನಲ್ಲಿ ಕೂತೆ. ಕೊಟ್ಟಿಗೆಹಾರದಲ್ಲಿ ಕಾಫಿಗೆ ನಿಲ್ಲಿಸಿದಾಗ ಮುಳ್ಳು ಅಲ್ಲೇ ಇತ್ತು. ಚಾರ್ಮಾಡಿ ಘಾಟಿಯ ತಿರುವುಗಳು ಶುರುವಾದವು. ಪ್ರತಿ ತಿರುವಿಗೂ ಬೆರಳ ತುದಿಯಿಂದ ಗಾಜಿಗೆ ಟಿಕ್ ಅಂತ ಒಂದು ತಟ್ಟು. ಏನೂ ಇಲ್ಲ. ಕಿವಿ ಗುಂಯ್‌ಗುಡಲು ಶುರುವಾಯಿತು, ಅಂದರೆ ಒತ್ತಡ ಏರುತ್ತಿದೆ. ಮುಳ್ಳು ಸುಮ್ಮನೇ ಇದೆ. ಅರ್ಧ ಘಾಟಿ ಇಳಿದಿರಬೇಕು, ಒಂದು ತಿರುವಿನಲ್ಲಿ ತಟ್ಟಿದಾಗ ಮುಳ್ಳಿನ ತುದಿ ಒಂದು ಕೂದಲಿನಷ್ಟು ನಡುಗಿತು. ಮುಂದಿನ ತಿರುವಿಗೆ 28ರ ಗೆರೆ ಬಿಟ್ಟು ಎದ್ದಿತ್ತು. ನಾನು ಡ್ರೈವರ್‌ಗೆ "ನಿಧಾನ, ನಿಧಾನ" ಅನ್ನುತ್ತಾ ಮಗುವನ್ನು ಎತ್ತಿಕೊಂಡಂತೆ ಅದನ್ನು ಹಿಡಿದುಕೊಂಡೆ. ಉಜಿರೆ ಬರುವ ಹೊತ್ತಿಗೆ 29.4. ಸಂಜೆ ಮಂಗಳೂರಿನಲ್ಲಿ 29.8ರ ಹತ್ತಿರ ನಿಂತಿತು. ಫೋನಿನಲ್ಲಿ ನೋಡಿದರೆ 1009 ಹೆಕ್ಟೋಪ್ಯಾಸ್ಕಲ್. ಲೆಕ್ಕ ಹಾಕಿದರೆ ಅದೂ 29.8! ಎಷ್ಟೋ ವರ್ಷ ಬೆಟ್ಟದ ಮೇಲೆ ಕೆಟ್ಟದ್ದು ಅನ್ನಿಸಿಕೊಂಡು ನೇತಾಡಿದ ಉಪಕರಣದಲ್ಲಿ ಒಂದು ಗೆರೆಯ ತಪ್ಪೂ ಇರಲಿಲ್ಲ.

ಹಾಗಾಗಿ ನನ್ನ ಮೊದಲ ಪರೀಕ್ಷೆ ಇದೇ: ಮುಳ್ಳು ಕೆಳಗೆ ಕೂತಿದ್ದರೆ, ಘಟ್ಟ ಇಳಿದು ಹೋಗುವಾಗ ಜೊತೆಗೆ ಒಯ್ಯಿರಿ. ಪಾದರಸದ್ದನ್ನಲ್ಲ, ಅನೆರಾಯ್ಡನ್ನು ಮಾತ್ರ. ಸಮುದ್ರದ ಹತ್ತಿರ ಬಂದರೂ ಏಳದಿದ್ದರೆ ಆಗ ಒಳಗೆ ತೊಂದರೆ ಇದೆ ಅನ್ನಿ.

ಅಷ್ಟು ದೂರ ಹೋಗಲಾಗದಿದ್ದರೆ, ಮತ್ತು ಮುಳ್ಳು ಅಂಕಿಗಳ ನಡುವೆ ಎಲ್ಲೋ ಇದ್ದರೆ, ಲಿಫ್ಟ್ ಸಾಕು. ಹತ್ತು ಮಹಡಿ ಹತ್ತಿದರೆ ಸುಮಾರು 30 ಮೀಟರ್. ಅಷ್ಟಕ್ಕೆ ಒತ್ತಡ 3 ಹೆಕ್ಟೋಪ್ಯಾಸ್ಕಲ್‌ನಷ್ಟು ಇಳಿಯುತ್ತದೆ, ಡಯಲ್ಲಿನ ಮೇಲೆ ಹತ್ತಿರಹತ್ತಿರ 0.1 ಇಂಚು. ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಇನ್ನೊಂದು ದಾರಿ, ದಪ್ಪ ಜಿಪ್ ಕವರ್. ಒಳಗೆ ಬ್ಯಾರೋಮೀಟರ್ ಇಟ್ಟು, ಗಾಳಿ ತುಂಬಿದಂತೆಯೇ ಮುಚ್ಚಿ, ಅಂಗೈಯಿಂದ ಮೆಲ್ಲಗೆ ಒತ್ತಿ. ಮುಳ್ಳು ಏರಬೇಕು, ಕೈ ಬಿಟ್ಟರೆ ಇಳಿಯಬೇಕು. ಗಾಜಿನ ಮೇಲೆ ಒತ್ತಬೇಡಿ, ಕವರಿನ ಉಬ್ಬಿದ ಜಾಗದಲ್ಲಿ ಒತ್ತಿ.

ಮಳೆಯಲ್ಲೂ ಫೇರ್ ತೋರಿಸುವುದು ಯಾಕೆ?

ಈಗ ಕರಾವಳಿಯವರ ದೂರು. ಡಯಲ್ಲಿನ ಮೇಲೆ 28ಕ್ಕೆ ಸ್ಟಾರ್ಮಿ, 29ಕ್ಕೆ ರೇನ್, 29.5ಕ್ಕೆ ಚೇಂಜ್, 30ಕ್ಕೆ ಫೇರ್ ಅಂತ ಬರೆದಿರುತ್ತದೆ. ಈ ಮಾತುಗಳು ಬ್ರಿಟನ್ನಿನ ಹವೆಗೆ ಬರೆದವು. ಅಲ್ಲಿ ಅಟ್ಲಾಂಟಿಕ್ ಸಾಗರದಿಂದ ಒಂದರ ಹಿಂದೆ ಒಂದು ಬಿರುಗಾಳಿ ಬರುತ್ತದೆ, ಒಂದು ವಾರದಲ್ಲಿ ಮುಳ್ಳು ಒಂದು ಇಂಚು ಓಡಾಡಿದರೂ ಆಶ್ಚರ್ಯವಿಲ್ಲ. ಅಲ್ಲಿನ ಮನೆಗಳಲ್ಲಿ ಹೊರಗೆ ಹೊರಡುವ ಮೊದಲು ಬಾಗಿಲ ಹತ್ತಿರದ ಬ್ಯಾರೋಮೀಟರನ್ನು ತಟ್ಟಿ ನೋಡುವುದು ರೂಢಿಯಾಗಿದ್ದದ್ದು ಅದಕ್ಕೇ.

ನಮ್ಮಲ್ಲಿ ಹಾಗಲ್ಲ. ಮಂಗಳೂರಿನಲ್ಲಿ ಆಷಾಢದ ಮಳೆ ಮೂರು ದಿನ ಬಿಡದೆ ಹೊಡೆದರೂ ಒತ್ತಡ 1005ರ ಆಸುಪಾಸಿನಲ್ಲೇ ಇರುತ್ತದೆ. ಇಂಚಿನಲ್ಲಿ 29.7. ಅಂದರೆ ಮುಳ್ಳು ಚೇಂಜ್ ಮತ್ತು ಫೇರ್ ನಡುವೆಯೇ. ನಮ್ಮ ಮುಂಗಾರು ಮಳೆ ತರುವುದು ಸಮುದ್ರದ ಒದ್ದೆ ಗಾಳಿ ಘಟ್ಟಕ್ಕೆ ಬಡಿದು ಮೇಲೇರುವುದರಿಂದ. ಮಳೆ ಬರಲು ಒತ್ತಡ ಪಾತಾಳಕ್ಕೆ ಇಳಿಯಬೇಕಾಗಿಲ್ಲ. ಮುಳ್ಳು ನಿಜವಾಗಿ ಕುಸಿಯುವುದು ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಹತ್ತಿರ ಬಂದಾಗ.

ಇನ್ನೊಂದು ಸೋಜಿಗ ಇದೆ, ನನಗಂತೂ ಇದು ಬಹಳ ಪ್ರೀತಿಯ ವಿಷಯ. ನಮ್ಮ ಉಷ್ಣವಲಯದಲ್ಲಿ ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಸಮುದ್ರದ ಭರತ-ಇಳಿತದಂತೆ. ಬೆಳಿಗ್ಗೆ ಹತ್ತು ಗಂಟೆ, ರಾತ್ರಿ ಹತ್ತು ಗಂಟೆ ಸುಮಾರಿಗೆ ಮೇಲೆ. ಸಂಜೆ ನಾಲ್ಕು, ಬೆಳಗಿನ ಜಾವ ನಾಲ್ಕರ ಸುಮಾರಿಗೆ ಕೆಳಗೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ 3ರಿಂದ 4 ಹೆಕ್ಟೋಪ್ಯಾಸ್ಕಲ್ ಇಳಿಯುತ್ತದೆ, ಅಂದರೆ 0.1 ಇಂಚು. ಬಿಸಿಲಿಗೆ ಇಡೀ ವಾಯುಮಂಡಲ ಕಾದು ತೊನೆಯುವುದರಿಂದ ಹೀಗಾಗುತ್ತದೆ. ಬ್ರಿಟನ್ನಿನಲ್ಲಿ ಇದು ತೀರಾ ಸಣ್ಣದು, ಬಿರುಗಾಳಿಗಳ ಏರುಪೇರಿನಲ್ಲಿ ಮುಚ್ಚಿಹೋಗುತ್ತದೆ.

ಇದನ್ನು ಅರಿಯದವರು "ದಿನಾ ಮಧ್ಯಾಹ್ನ ಮುಳ್ಳು ಇಳಿಯುತ್ತೆ, ಬಿಸಿಲಿಗೆ ಸ್ಪ್ರಿಂಗ್ ಸಡಿಲ ಆಗ್ತಿದೆ" ಅಂದುಕೊಳ್ಳುತ್ತಾರೆ. ನಿಜ ಏನೆಂದರೆ, ನಿಮ್ಮ ಬ್ಯಾರೋಮೀಟರ್ ಚೆನ್ನಾಗಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೇ ಸಾಕ್ಷಿ ಬೇಕಿಲ್ಲ. ಎರಡು ದಿನ ಬೆಳಿಗ್ಗೆ ಹತ್ತಕ್ಕೂ ಸಂಜೆ ನಾಲ್ಕಕ್ಕೂ ಮೆಲ್ಲಗೆ ತಟ್ಟಿ ಅಂಕಿ ಬರೆದುಕೊಳ್ಳಿ. 0.1 ಇಂಚಿನಷ್ಟು ಏರಿಳಿತ ಸಿಕ್ಕರೆ ಡಬ್ಬಿ, ಸ್ಪ್ರಿಂಗ್, ಮುಳ್ಳನ್ನು ಎಳೆಯುವ ಸಣ್ಣ ಚೈನು ಎಲ್ಲವೂ ಕೆಲಸ ಮಾಡುತ್ತಿವೆ. ಖರ್ಚಿಲ್ಲದ ಪರೀಕ್ಷೆ, ಅಲ್ವಾ? ಹವೆ ತಿಳಿಯಲು ನೋಡುವುದಾದರೂ ಇದೇ ಕ್ರಮ ಇಟ್ಟುಕೊಳ್ಳಿ. ನಿನ್ನೆ ಹತ್ತರ ಅಂಕಿಗೆ ಇವತ್ತಿನ ಹತ್ತರದನ್ನು ಹೋಲಿಸಿ. ಬೆಳಗಿನದಕ್ಕೆ ಸಂಜೆಯದನ್ನು ಹೋಲಿಸಬೇಡಿ.

ಫೋನಿನ ಅಂಕಿ, ಹವಾಮಾನ ಇಲಾಖೆಯ ಅಂಕಿ

ಈಗ ಎಷ್ಟೋ ಫೋನುಗಳಲ್ಲಿ ಒತ್ತಡ ಅಳೆಯುವ ಸೆನ್ಸರ್ ಇದೆ. ತಾಳೆ ನೋಡಲು ಬಹಳ ಅನುಕೂಲ. ಆದರೆ ಒಂದು ಎಚ್ಚರ. ಸೆನ್ಸರ್ ತೋರಿಸುವುದು ನೀವು ನಿಂತ ಜಾಗದ ಒತ್ತಡ, ಬೆಂಗಳೂರಿನಲ್ಲಿ 910 ಚಿಲ್ಲರೆ. ಹವಾಮಾನದ ಆ್ಯಪ್‌ಗಳಲ್ಲಿ, ವರದಿಗಳಲ್ಲಿ ಬರುವ 1010, 1012 ಅನ್ನುವುದು ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ್ದು. ಎರಡೂ ಸರಿ, ಎರಡೂ ಬೇರೆ. ಒಂದನ್ನು ನೋಡಿ ಇನ್ನೊಂದಕ್ಕೆ ಹೊಂದಿಸಲು ಹೋದರೆ ಕೆಲಸ ಕೆಡುತ್ತದೆ. ಇಂಚಿಗೆ ತರಲು ಹೆಕ್ಟೋಪ್ಯಾಸ್ಕಲ್ ಅಂಕಿಯನ್ನು 33.86ರಿಂದ ಭಾಗಿಸಿ.

ದೋಷ ಕಂಡುಹಿಡಿಯುವಾಗ ಮುಖ್ಯವಾಗಿ ನೋಡಬೇಕಾದ್ದು ಏರಿಳಿತವನ್ನು. ಫೋನಿನಲ್ಲಿ 3.4 ಬದಲಾದರೆ ಮುಳ್ಳು 0.1 ಇಂಚು ನಡೆಯಬೇಕು. ನಡೆಯುತ್ತಿದೆ, ಆದರೆ ಯಾವಾಗಲೂ ಒಂದೇ ಅಳತೆಯಷ್ಟು ಹಿಂದೆ ಅಥವಾ ಮುಂದೆ ಇದೆ ಅಂದರೆ, ಹಿಂದಿನ ಸ್ಕ್ರೂ ತಿರುವಿದರೆ ಸರಿಹೋಗುತ್ತದೆ. ಫೋನು 3.4 ಬದಲಾದಾಗ ಮುಳ್ಳು ಅರ್ಧದಷ್ಟೇ ನಡೆದರೆ ಸ್ಕ್ರೂ ಮುಟ್ಟಿ ಪ್ರಯೋಜನವಿಲ್ಲ. ಹಿಂದೆ ಯಾರೋ ರಿಪೇರಿ ಮಾಡಿದಾಗ ಒಳಗಿನ ಸನ್ನೆಕೋಲು ತಪ್ಪಾಗಿ ಸೇರಿಸಿರಬಹುದು, ಇಲ್ಲವೇ ಡಬ್ಬಿಯೊಳಗೆ ಸ್ವಲ್ಪ ಗಾಳಿ ಸೇರಿರಬಹುದು.

ಸ್ಕ್ರೂ ತಿರುವುವುದು

ಕಾಲು ಸುತ್ತು ತಿರುವಿ, ಗಾಜು ತಟ್ಟಿ, ನೋಡಿ. ಮತ್ತೆ ಕಾಲು ಸುತ್ತು. ಯಾವ ಕಡೆಗೆ ತಿರುವಿದರೆ ಮುಳ್ಳು ಏರುತ್ತದೆ ಅನ್ನುವುದು ಹೀಗೇ ತಿಳಿಯಬೇಕು. ಮುಳ್ಳು ನಿಂತ ಮೇಲೂ ತಿರುವುತ್ತಾ ಹೋಗಬೇಡಿ, ಬಿಗಿ ಅನ್ನಿಸಿದರೆ ನಿಲ್ಲಿಸಿಬಿಡಿ. ಬೆಂಗಳೂರಿನಂಥ ಕಡೆ ಸಮುದ್ರಮಟ್ಟದ ಲೆಕ್ಕಕ್ಕೆ ತರಲು ಮೂರು ಇಂಚು ಏರಿಸಬೇಕಾಗುತ್ತದೆ. ಕೆಲವು ಅಷ್ಟಕ್ಕೆ ಒಗ್ಗುತ್ತವೆ, ಬಹಳಷ್ಟು ಒಗ್ಗುವುದಿಲ್ಲ. ಒತ್ತಾಯ ಮಾಡಿದರೆ ಚೈನು ತನ್ನ ಜಾಗ ಬಿಟ್ಟು ಜಾರುತ್ತದೆ. ಈ ಕೆಲಸಕ್ಕೆ ಬ್ಯಾರೋಮೀಟರ್ ಬಲ್ಲವರೇ ಬೇಕು. ಅಂಥವರು ಸಿಗದಿದ್ದರೆ ಹಾಗೇ ಬಿಡಿ, ಅಥವಾ ಕರಾವಳಿಯಲ್ಲಿರುವ ನೆಂಟರ ಮನೆಗೆ ಕೊಡಿ. ಎತ್ತರದ ಅಂಕಿಗಳೂ ಇರುವ ಜೇಬಿನ ಅನೆರಾಯ್ಡುಗಳಿಗೆ ಈ ತೊಂದರೆ ಇಲ್ಲ.

ಒಳಗಿನ ದೊಡ್ಡ ಸ್ಪ್ರಿಂಗನ್ನು ಮಾತ್ರ ಯಾವ ಕಾರಣಕ್ಕೂ ಬಿಡಿಸಬೇಡಿ. ಸ್ಪ್ರಿಂಗ್ ಹಿಡಿದಿರುವುದರಿಂದಲೇ ಡಬ್ಬಿ ನಿಂತಿರುವುದು. ಬಿಟ್ಟ ಕ್ಷಣ ಹೊರಗಿನ ಗಾಳಿ ಅದನ್ನು ಹಪ್ಪಳದಂತೆ ಚಪ್ಪಟೆ ಮಾಡುತ್ತದೆ.

ತಟ್ಟಿದಾಗ ಜಿಗಿಯುವ ಮುಳ್ಳು

ತಟ್ಟಿದಾಗ ಮುಳ್ಳು ಕೂದಲಿನಷ್ಟು ಕದಲುವುದು ಸಹಜ. ಪಟ್ಟನೆ ದೂರ ಜಿಗಿದರೆ ಒಳಗೆಲ್ಲೋ ತಡೆ ಇದೆ. ನಮ್ಮ ಕಡೆ ಇದಕ್ಕೆ ಕಾರಣ ಸಾಮಾನ್ಯವಾಗಿ ಮೂರು. ಹಳೇ ಎಣ್ಣೆ ಗಟ್ಟಿಯಾಗಿರುವುದು, ತುಕ್ಕು, ಮತ್ತು ಕಣಜ.

ಕಣಜದ್ದು ಹೇಳಿದರೆ ಯಾರೂ ನಂಬುವುದಿಲ್ಲ. ಹಿಂದಿನ ಸ್ಕ್ರೂ ತೂತು ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಹೇಳಿ ಮಾಡಿಸಿದ ಜಾಗ. ಗೂಡು ಒಣಗಿ ಪುಡಿಯಾಗಿ ಒಳಗೆ ಉದುರುತ್ತದೆ. ಒಂದರ ಹಿಂಬದಿ ಬಿಚ್ಚಿದಾಗ ಕೂದಲೆಳೆಯಂಥ ಚೈನಿನ ಕೊಂಡಿಗಳ ನಡುವೆ ಕೆಂಪು ಮಣ್ಣಿನ ಕಾಳುಗಳು ಸಿಕ್ಕಿಕೊಂಡಿದ್ದನ್ನು ಭೂತಗನ್ನಡಿಯಲ್ಲಿ ನೋಡಿದೆ. ಮೆತ್ತನೆ ಬ್ರಷ್ಷಿನಿಂದ ಒಂದೊಂದೇ ತೆಗೆದ ಮೇಲೆ ಮುಳ್ಳು ಸರಾಗ ನಡೆಯಿತು. ತೂತಿಗೆ ತೆಳು ಬಟ್ಟೆಯ ತುಂಡು ಅಂಟಿಸಿದರೆ ಮತ್ತೆ ಬರುವುದಿಲ್ಲ. ಗಾಳಿ ಆಡುತ್ತದೆ, ಹುಳ ನುಗ್ಗುವುದಿಲ್ಲ.

ತುಕ್ಕು ಕರಾವಳಿಯ ಕಾಯಿಲೆ. ಮುಳ್ಳಿನ ಕಂಬಕ್ಕೆ ಸುತ್ತಿದ ಎಳೆ ಸ್ಪ್ರಿಂಗು, ಚೈನು ಎರಡೂ ಬಹಳ ಸಲ ಉಕ್ಕಿನವು. ತುಕ್ಕು ಹಿಡಿದ ಚೈನು ಕೈ ಸೋಕಿದರೆ ತುಂಡಾಗುತ್ತದೆ, ಹಾಗಾಗಿ ಕಂಡ ಕೂಡಲೇ ಕೈ ಹಿಂದೆ ತೆಗೆಯಿರಿ, ಬಲ್ಲವರಿಗೆ ಕೊಡಿ.

ಎಣ್ಣೆಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಬೇಡ. ಇವತ್ತು ಮುಳ್ಳು ಚುರುಕಾಗಿ ಓಡುತ್ತದೆ, ಮುಂದಿನ ವರ್ಷ ಧೂಳು ಸೇರಿ ಅಂಟಾಗುತ್ತದೆ. ಎಳೆ ಸ್ಪ್ರಿಂಗಿಗೆ ಎಣ್ಣೆ ತಾಗಿದರಂತೂ ಸುತ್ತುಗಳು ಒಂದಕ್ಕೊಂದು ಅಂಟಿ ಮುಳ್ಳು ಮನಸ್ಸಿಗೆ ಬಂದಂತೆ ನಡೆಯುತ್ತದೆ. ಹಾಕಲೇಬೇಕಾದರೆ ಗಡಿಯಾರದ ಎಣ್ಣೆ, ಅದೂ ಸೂಜಿ ತುದಿಯಲ್ಲಿ ನಿಲ್ಲುವಷ್ಟು, ಅಚ್ಚಿನ ತುದಿಗಳಿಗೆ ಮಾತ್ರ.

ಪಾದರಸದವು

ಇವುಗಳ ಬಗ್ಗೆ ದೋಷ ಗುರುತಿಸುವ ತನಕ ಮಾತ್ರ ಹೇಳುತ್ತೇನೆ. ರಿಪೇರಿ ಮನೆಯಲ್ಲಿ ಮಾಡುವಂಥದ್ದಲ್ಲ.

ಕೋಲಿನಂಥದ್ದನ್ನು ಬೆಂಗಳೂರಿನಲ್ಲಿ ನೇತುಹಾಕಿ, ಮೇಲಿನ ಗಾಜಿನಲ್ಲಿ ಪಾದರಸವೇ ಕಾಣುತ್ತಿಲ್ಲ ಅಂದರೆ ಗಾಬರಿ ಬೇಡ. ಪಾದರಸ 27 ಇಂಚಿಗೆ ನಿಂತಿರುತ್ತದೆ, ಅಂಕಿ ಪಟ್ಟಿ ಅದಕ್ಕಿಂತ ಮೇಲೆ ಶುರುವಾಗುತ್ತದೆ. ಮರದ ಮರೆಯಲ್ಲಿ ಅದು ಸುಖವಾಗಿದೆ. ಸಮುದ್ರಮಟ್ಟದ ಊರಿನಲ್ಲೂ ತೀರಾ ಕೆಳಗಿದ್ದರೆ ನಳಿಕೆಯ ತಲೆಯಲ್ಲಿ ಗಾಳಿ ಸೇರಿರಬಹುದು. 1640ರ ದಶಕದಲ್ಲಿ ಇಟಲಿಯ ವಿಜ್ಞಾನಿ ಟಾರಿಸೆಲ್ಲಿ ತೋರಿಸಿದ, ಪಾದರಸದ ಮೇಲಿನ ಆ ಖಾಲಿ ಜಾಗ ನಿಜಕ್ಕೂ ಖಾಲಿಯೇ ಇರಬೇಕು. ಬಲ್ಲವರು ಕೋಲನ್ನು ಬಹಳ ನಿಧಾನವಾಗಿ ಓರೆ ಮಾಡಿ ಕಿವಿ ಕೊಡುತ್ತಾರೆ. ಪಾದರಸ ನಳಿಕೆಯ ತುದಿಗೆ ಟಕ್ ಅಂತ ಲೋಹದ ಸದ್ದು ಮಾಡಿ ತಾಗಿದರೆ ಒಳಗೆ ಗಾಳಿಯಿಲ್ಲ. ಸದ್ದು ಮೆತ್ತಗಿದ್ದರೆ, ತುದಿಯಲ್ಲಿ ಗುಳ್ಳೆ ಉಳಿದರೆ ಗಾಳಿ ಸೇರಿದೆ. ಜೋರಾಗಿ ಓರೆ ಮಾಡಿದರೆ ಪಾದರಸದ ಭಾರಕ್ಕೇ ಗಾಜು ಒಡೆಯುತ್ತದೆ. ನೀರಿಗಿಂತ 13.6 ಪಟ್ಟು ಭಾರ ಅದು, ಮರೆಯಬೇಡಿ.

ಪಾದರಸದ ಬ್ಯಾಂಜೋದಲ್ಲಿ ಮುಳ್ಳು ಸಡಿಲವಾಗಿ ಗಿರಗಿರ ತಿರುಗಿದರೆ ಒಳಗಿನ ರೇಷ್ಮೆ ದಾರ ಕಡಿದಿದೆ ಅಥವಾ ರಾಟೆಯಿಂದ ಜಾರಿದೆ. ಪಾದರಸದ ಮೇಲೆ ತೇಲುವ ಒಂದು ಸಣ್ಣ ಗುಂಡು, ಅದಕ್ಕೆ ಕಟ್ಟಿದ ದಾರ, ದಾರದ ಇನ್ನೊಂದು ತುದಿಗೆ ಎದುರು ತೂಕ. ಬಾವಿಯ ರಾಟೆಯದೇ ಉಪಾಯ. ಇದು ಸಣ್ಣ ರಿಪೇರಿ. ಆದರೆ ತೆರೆದ ಪಾದರಸದ ಪಕ್ಕದಲ್ಲೇ ಕೈ ಆಡಿಸಬೇಕು, ಹಾಗಾಗಿ ಇದೂ ಬಲ್ಲವರ ಕೆಲಸವೇ.

ಪಾದರಸ ಚೆಲ್ಲಿದರೆ ಮೊದಲು ಮಕ್ಕಳನ್ನು ಆಚೆ ಕಳಿಸಿ, ಕಿಟಕಿ ತೆಗೆಯಿರಿ, ಕೈಯಲ್ಲಿನ ಉಂಗುರ, ಬಳೆ ಬಿಚ್ಚಿಡಿ. ಚಿನ್ನಕ್ಕೆ ಪಾದರಸ ತಾಗಿದರೆ ಎರಡೂ ಬೆರೆತು ಒಡವೆ ಬೆಳ್ಳಗಾಗಿ ಹಾಳಾಗುತ್ತದೆ. ಕೈಗವಸು ಹಾಕಿಕೊಂಡು, ಎರಡು ದಪ್ಪ ಕಾಗದದ ತುಂಡುಗಳಿಂದ ಮಣಿಗಳನ್ನು ಒಂದೆಡೆ ಕೂಡಿಸಿ, ಮುಚ್ಚಳ ಬಿಗಿಯಾಗುವ ಬಾಟಲಿಗೆ ತುಂಬಿ. ಪೊರಕೆ ಹಾಕಬಾರದು. ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ, ಅದು ಪಾದರಸವನ್ನು ಆವಿ ಮಾಡಿ ಮನೆಯೆಲ್ಲ ಹರಡುತ್ತದೆ. ಬಾಟಲಿಯನ್ನು ಕಸಕ್ಕೂ ಸಿಂಕಿಗೂ ಹಾಕದೆ ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು. ಹೊರದೇಶದಿಂದ ತರುವ ಆಸೆ ಇದ್ದರೆ ಇದೂ ಗೊತ್ತಿರಲಿ: ಪಾದರಸ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಅದಕ್ಕೇ ಪ್ರಯಾಣಿಕರು ಇಂಥ ಬ್ಯಾರೋಮೀಟರನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಯುರೋಪಿಯನ್ ಒಕ್ಕೂಟ 2009ರಿಂದ ಹೊಸದಾಗಿ ಮಾಡಿದವುಗಳ ಮಾರಾಟವನ್ನೂ ನಿಲ್ಲಿಸಿದೆ.

ಹುಣಸೆಹಣ್ಣು ದೂರ ಇಡಿ

ಇದು ಯಂತ್ರದ ದೋಷ ಅಲ್ಲ, ನಾವೇ ತಂದುಕೊಳ್ಳುವ ದೋಷ. ಹಬ್ಬಕ್ಕೆ ಹಿತ್ತಾಳೆ ಸಾಮಾನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕುವಾಗ ಬ್ಯಾರೋಮೀಟರಿನ ಸರದಿಯೂ ಬರುತ್ತದೆ. ಹಳೇ ಲೋಹದ ಡಯಲ್ಲುಗಳು ಹಿತ್ತಾಳೆಯವೇ, ಆದರೆ ಮೇಲೆ ತೆಳ್ಳನೆ ಬೆಳ್ಳಿಯ ಲೇಪ ಇರುತ್ತದೆ. ಅಕ್ಷರಗಳನ್ನು ಕೊರೆದು ಕಪ್ಪು ಮೇಣ ತುಂಬಿರುತ್ತಾರೆ. ಒಂದೇ ಸಲ ಹುಳಿ ಹಾಕಿ ತಿಕ್ಕಿದರೆ ಬೆಳ್ಳಿ ಹೋಯಿತು, ಅಕ್ಷರವೂ ಹೋಯಿತು. ಡಯಲ್ಲು ಮಂಕಾಗಿದ್ದರೆ ಮಂಕಾಗೇ ಇರಲಿ. ಒಣಗಿದ ಮೆತ್ತನೆ ಬಟ್ಟೆ ಸಾಕು.

ಮರಕ್ಕೂ ಹೀಗೇ. ಮೇಲೆ ಕಾಣುವ ಬೀಟೆ, ಮಹಾಗನಿ ಬಹಳ ಸಲ ಕಾಗದದಷ್ಟು ತೆಳು ಹಾಳೆ, ಒಳಗೆ ಬೇರೆ ಮರ. ಮಳೆಗಾಲದ ಥಂಡಿಗೆ ಹಳೇ ಸರೇಸು ಬಿಟ್ಟು ಹಾಳೆ ಎದ್ದುಬರುತ್ತದೆ. ಎದ್ದ ಜಾಗವನ್ನು ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಫೆವಿಕಾಲ್ ತುಂಬಿ ಒತ್ತಬೇಡಿ, ಮುಂದೆ ರಿಪೇರಿ ಮಾಡುವವರಿಗೆ ಬಿಡಿಸಲಾಗುವುದಿಲ್ಲ. ಬಡಗಿಯ ಹತ್ತಿರ ಬಿಸಿ ಸರೇಸು ಸಿಕ್ಕರೆ ಅದೇ ಸರಿ. ನೇತುಹಾಕುವ ಗೋಡೆ ಬಿಸಿಲು ಬೀಳದ್ದು, ಬಚ್ಚಲುಮನೆಗೆ ಅಂಟಿಕೊಳ್ಳದ್ದು ಆಗಿರಲಿ. ಹೊರಬಾಗಿಲ ಪಕ್ಕ ಬೇಡ. ಬಾಗಿಲು ದಡಾರನೆ ಹಾಕಿದಾಗೆಲ್ಲ ಮುಳ್ಳು ಬೆಚ್ಚುತ್ತದೆ.

ಒಳಗೊಂದು ಚೀಟಿ

ಕಡೆಗೆ, ಏನೇ ಮಾಡಿದರೂ ಬರೆದಿಡಿ. ನಾನು ಪ್ರತಿ ಬ್ಯಾರೋಮೀಟರಿನ ಹಿಂಬದಿಯಲ್ಲಿ ಒಂದು ಸಣ್ಣ ಚೀಟಿ ಇಡುತ್ತೇನೆ, ಪೆನ್ಸಿಲಿನಲ್ಲಿ ಬರೆದು. ದಿನಾಂಕ, ಊರು, ಊರಿನ ಎತ್ತರ, ಸ್ಕ್ರೂ ಯಾವ ಕಡೆಗೆ ಎಷ್ಟು ತಿರುವಿದೆ, ಮುಟ್ಟುವ ಮೊದಲು ಮುಳ್ಳು ಎಲ್ಲಿತ್ತು. ಚಾರ್ಮಾಡಿ ಇಳಿದು ಬಂದ ಆ ಓಕ್ ಮರದ್ದರಲ್ಲಿ ಇರುವ ಚೀಟಿ ಇಷ್ಟೇ: "ಮಂಗಳೂರು, ಸಮುದ್ರಮಟ್ಟದ ಹತ್ತಿರ. ಸಂಜೆ 29.8. ಸ್ಕ್ರೂ ಮುಟ್ಟಿಲ್ಲ."